ಡ್ಯೂಟಿ ಯಾರದು? ಅಮೆರಿಕದ ತುರ್ತು ವೈದ್ಯರ ಸಂಸ್ಥೆ ನಡೆದು ಬಂದ ದಾರಿ

1968ರ ಆಗಸ್ಟ್ 16ರಂದು ಅಮೆರಿಕದ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಎಂಟು ಮಂದಿ ವೈದ್ಯರು ಕೂಡಿ ಒಂದು ಸಂಘ ಕಟ್ಟಿಕೊಂಡರು. ಎಲ್ಲರೂ ಆಸ್ಪತ್ರೆಗಳ ಎಮರ್ಜೆನ್ಸಿ ರೂಮಿನಲ್ಲಿ ದುಡಿಯುತ್ತಿದ್ದವರು. ಆ ಕೆಲಸಕ್ಕೆ ಆಗ ಪದವಿ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಅದನ್ನೇ ಕಲಿಸುವ ವಿಭಾಗ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಆದರೂ ಸಂಘಕ್ಕೆ ಇಟ್ಟ ಹೆಸರು ದೊಡ್ಡದೇ: ಅಮೆರಿಕನ್ ಕಾಲೇಜ್ ಆಫ್ ಎಮರ್ಜೆನ್ಸಿ ಫಿಸಿಶಿಯನ್ಸ್. ಹೆಸರಿನಲ್ಲಿ ಕಾಲೇಜು ಇದ್ದರೂ ಅದು ಪಾಠ ಹೇಳುವ ಕಾಲೇಜಲ್ಲ, ವೈದ್ಯರ ಸಂಘ. 2018ರಲ್ಲಿ ಸುವರ್ಣ ಮಹೋತ್ಸವ ಆಚರಿಸಿಕೊಳ್ಳುವ ಹೊತ್ತಿಗೆ ಅದರ ಸದಸ್ಯರ ಸಂಖ್ಯೆ 35 ಸಾವಿರ ದಾಟಿತ್ತು.

ತುರ್ತು ಚಿಕಿತ್ಸೆ ಸುಧಾರಿಸಿದ್ದು ಯಂತ್ರಗಳಿಂದ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಈ ಸಂಸ್ಥೆಯ ಚರಿತ್ರೆ ಬೇರೆಯೇ ಹೇಳುತ್ತದೆ. ಡಿಫಿಬ್ರಿಲೇಟರ್, ಸ್ಕ್ಯಾನು ಎಲ್ಲ ಬಂದವು, ನಿಜ. ಆದರೆ ಅದಕ್ಕೂ ಮೊದಲು ಬಗೆಹರಿಯಬೇಕಾಗಿದ್ದದ್ದು ಡ್ಯೂಟಿಯ ಪ್ರಶ್ನೆ. ನಡುರಾತ್ರಿ ಬಾಗಿಲಿಗೆ ಬಂದ ಅಪರಿಚಿತ ರೋಗಿ ಯಾರ ರೋಗಿ? ಈ ಪ್ರಶ್ನೆಗೆ ಉತ್ತರ ಕೊಟ್ಟವರೇ ಈ ಕಥೆಯ ನಾಯಕರು.

1946–1961: ಹಿಂಬದಿಯ ಕೋಣೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಸಂಸತ್ತು ಹಿಲ್–ಬರ್ಟನ್ ಕಾಯ್ದೆಯ ಮೂಲಕ ಊರೂರಿನ ಆಸ್ಪತ್ರೆ ಕಟ್ಟಡಗಳಿಗೆ ಹಣ ಕೊಟ್ಟಿತು. ಆಸ್ಪತ್ರೆಗಳೇನೋ ಎದ್ದವು, ಅದೇ ಕಾಲಕ್ಕೆ ಬ್ಯಾಗು ಹಿಡಿದು ಮನೆಗೆ ಬರುತ್ತಿದ್ದ ಡಾಕ್ಟರು ಕಾಣೆಯಾಗತೊಡಗಿದ್ದರು. 1930ರ ಸುಮಾರಿಗೆ ವೈದ್ಯರು ರೋಗಿಗಳನ್ನು ನೋಡಿದ್ದರಲ್ಲಿ ನೂರಕ್ಕೆ 40ರಷ್ಟು ರೋಗಿಯ ಮನೆಯಲ್ಲೇ ಆಗುತ್ತಿತ್ತು. 1950ಕ್ಕೆ ಅದು ನೂರಕ್ಕೆ 10ಕ್ಕೆ ಇಳಿಯಿತು. ಯುವ ವೈದ್ಯರು ಒಂದೊಂದು ಅಂಗಕ್ಕೆ ತಜ್ಞರಾಗಿ ಹೋದರು. ಭಾನುವಾರ ಮಧ್ಯಾಹ್ನ ಮಗುವಿಗೆ ಜ್ವರ ಏರಿದರೆ ತಾಯಿಗೆ ಉಳಿದಿದ್ದ ದಾರಿ ಒಂದೇ, ಆಸ್ಪತ್ರೆಯ ಎಮರ್ಜೆನ್ಸಿ ರೂಮು.

ಆ ರೂಮು ಇರುತ್ತಿದ್ದುದು ಸಾಮಾನ್ಯವಾಗಿ ಕಟ್ಟಡದ ಹಿಂಬದಿಯಲ್ಲಿ, ಇಲ್ಲವೇ ನೆಲಮಾಳಿಗೆಯಲ್ಲಿ. ಒಬ್ಬ ನರ್ಸು, ಒಂದೆರಡು ಮಂಚ, ಗೋಡೆಗೊಂದು ಫೋನು. ದೊಡ್ಡ ಬೋಧನಾ ಆಸ್ಪತ್ರೆಯಾದರೆ ಆಗಷ್ಟೇ ಓದು ಮುಗಿಸಿದ ಇಂಟರ್ನ್. ಊರಿನ ಆಸ್ಪತ್ರೆಯಾದರೆ ಅಲ್ಲಿಗೆ ರೋಗಿಗಳನ್ನು ದಾಖಲಿಸುವ ಎಲ್ಲ ವೈದ್ಯರೂ ಸರದಿಯ ಮೇಲೆ ಡ್ಯೂಟಿ ಮಾಡಬೇಕು. ಚರ್ಮರೋಗ ತಜ್ಞರ ಸರದಿ ಬಂದ ರಾತ್ರಿಯೇ ಎದೆನೋವಿನವರು ಬಂದರೆ ಅದು ರೋಗಿಯ ಹಣೆಬರಹ. ಬಹಳ ಸಲ ಡ್ಯೂಟಿ ಡಾಕ್ಟರು ಮನೆಯಲ್ಲಿ ಮಲಗಿರುತ್ತಿದ್ದರು, ಕರೆದರೆ ಬರುತ್ತಿದ್ದರು.

ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ಆಸ್ಪತ್ರೆಯಲ್ಲೂ ಇದೇ ಪಾಡು. ಅಲ್ಲಿನ ವೈದ್ಯರ ಮಂಡಳಿಯ ಅಧ್ಯಕ್ಷರಾಗಿದ್ದ ಜೇಮ್ಸ್ ಮಿಲ್ಸ್ ಅವರಿಗೆ ಈ ಸರದಿಯ ಪಟ್ಟಿಯನ್ನು ತುಂಬಿಸುವುದೇ ತಲೆನೋವಾಗಿತ್ತು. ಕೊನೆಗೆ ಅವರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಪ್ರಾಕ್ಟೀಸನ್ನೇ ಬಿಟ್ಟು, ಇನ್ನೂ ಮೂವರು ವೈದ್ಯರನ್ನು ಜೊತೆಗೆ ಕರೆದುಕೊಂಡು, 1961ರ ಜೂನ್‌ನಲ್ಲಿ ಎಮರ್ಜೆನ್ಸಿ ರೂಮನ್ನೇ ಪೂರ್ಣಾವಧಿ ವೃತ್ತಿ ಮಾಡಿಕೊಂಡರು. ಐದು ದಿನ ದಿನಕ್ಕೆ 12 ಗಂಟೆ ಕೆಲಸ, ಮುಂದಿನ ಐದು ದಿನ ರಜೆ. ಆಗ ಇನ್ನಿಬ್ಬರ ಸರದಿ. ವರ್ಷದ ಯಾವ ಹೊತ್ತಿನಲ್ಲಿ ಬಂದರೂ ಒಳಗೊಬ್ಬ ಡಾಕ್ಟರು ಎಚ್ಚರವಾಗಿರುತ್ತಾರೆ ಎಂಬುದೇ ಅವರ ಸಂಶೋಧನೆ. ತಮ್ಮ ರೋಗಿಗಳನ್ನು ಇವರು ಸೆಳೆದುಕೊಂಡಾರು ಎಂಬ ಆತಂಕ ಊರಿನ ಇತರ ವೈದ್ಯರಲ್ಲಿ ಏಳುವುದು ಸಹಜವಾಗಿತ್ತು. ನಾಲ್ವರೂ ಹೊರಗೆ ಪ್ರಾಕ್ಟೀಸು ಇಟ್ಟುಕೊಳ್ಳಲಿಲ್ಲ. ಚಿಕಿತ್ಸೆಯಾದ ಮೇಲೆ ರೋಗಿಯನ್ನು ಅವರವರ ಡಾಕ್ಟರ ಬಳಿಗೇ ಕಳಿಸಿಕೊಟ್ಟರು. ಇದಕ್ಕೆ ಅಲೆಕ್ಸಾಂಡ್ರಿಯಾ ಪದ್ಧತಿ ಎಂದೇ ಹೆಸರಾಯಿತು. ಅದೇ ವರ್ಷ ಮಿಷಿಗನ್‌ನ ಪಾಂಟಿಯಾಕ್‌ನಲ್ಲಿ ಹಲವು ವೈದ್ಯರು ತಮ್ಮ ಪ್ರಾಕ್ಟೀಸು ಉಳಿಸಿಕೊಂಡೇ ಪಾಳಿ ಹಂಚಿಕೊಳ್ಳುವ ಇನ್ನೊಂದು ಕ್ರಮ ಶುರುವಾಯಿತು. ಮುಂದೆ ನಿಂತದ್ದು ಮಿಲ್ಸ್ ಅವರ ದಾರಿ.

1966–1968: ಸತ್ತವರ ವಾಹನದಲ್ಲಿ ಬದುಕಿರುವವರು

1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ಪ್ರಕಟಿಸಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಿಂದ ಸತ್ತವರು 1,07,000. ಶಾಶ್ವತವಾಗಿ ಊನಗೊಂಡವರು 4,00,000. ಆಂಬುಲೆನ್ಸ್ ಸೇವೆಯ ಅರ್ಧದಷ್ಟನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳು ಎಂಬ ಸಂಗತಿಯೂ ಅದರಲ್ಲಿತ್ತು. ಮಲಗಿದವರನ್ನು ಸಾಗಿಸಬಲ್ಲ ಉದ್ದನೆಯ ಗಾಡಿ ಇದ್ದದ್ದು ಅವರ ಬಳಿ ಮಾತ್ರ, ಕಾರಣ ಅಷ್ಟೇ. ಆ ವರದಿಯಿಂದಲೇ ಎಲ್ಲವೂ ಆಯಿತೆಂದು ಬರೆಯುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಅಲೆಕ್ಸಾಂಡ್ರಿಯಾದ ನಾಲ್ವರು ಅದಕ್ಕೂ ಐದು ವರ್ಷ ಮೊದಲೇ ಕೆಲಸಕ್ಕೆ ಕೂತಿದ್ದರು. ವರದಿ ಮಾಡಿದ್ದು ಸರ್ಕಾರದ ಕಣ್ಣು ತೆರೆಸುವ ಕೆಲಸ.

ರಸ್ತೆಯ ಮೇಲಿನ ಚಿಕಿತ್ಸೆಗೆ ಮಾದರಿ ಹುಟ್ಟಿದ್ದು ಪಿಟ್ಸ್‌ಬರ್ಗ್‌ನ ಕಪ್ಪು ಜನರ ಬಡಾವಣೆಯಾದ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ. ಅಲ್ಲಿ ಕಾಯಿಲೆಯವರನ್ನು ಸಾಗಿಸುತ್ತಿದ್ದುದು ಪೊಲೀಸ್ ವ್ಯಾನು. 1967ರಲ್ಲಿ ಶುರುವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಯಲ್ಲಿ, ಬಾಯಿಗೆ ಬಾಯಿಟ್ಟು ಉಸಿರು ತುಂಬುವ ವಿಧಾನವನ್ನು ರೂಪಿಸಿದ್ದ ಡಾ. ಪೀಟರ್ ಸಫಾರ್ ಅವರು ಅದೇ ಬಡಾವಣೆಯ, ಕೆಲಸವಿಲ್ಲದೆ ಕೂತಿದ್ದ ಕಪ್ಪು ಯುವಕರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ನಂತರ ಬಂದ ಡಾ. ನ್ಯಾನ್ಸಿ ಕ್ಯಾರೊಲೀನ್ ಅಲ್ಲಿನ ಅನುಭವವನ್ನೇ ಪ್ಯಾರಾಮೆಡಿಕ್‌ಗಳ ಪಠ್ಯವಾಗಿಸಿದರು. 1975ರಲ್ಲಿ ನಗರಾಡಳಿತ ಸ್ವಂತ ಸೇವೆ ಆರಂಭಿಸಿದಾಗ ಫ್ರೀಡಂ ಹೌಸ್ ಮುಚ್ಚಿತು. ಅದನ್ನು ಕಟ್ಟಿದ ಯುವಕರಿಗೆ ಸಲ್ಲಬೇಕಾದ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ.

ಲ್ಯಾನ್ಸಿಂಗ್‌ನ ಡಾ. ಜಾನ್ ವೀಗೆನ್‌ಸ್ಟೈನ್ ಇದೇ ಹೊತ್ತಿನಲ್ಲಿ ಮುಂದೆ ಬಂದವರು. ಕಾರು ಅಪಘಾತದ ಗಾಯಾಳುಗಳನ್ನು ನೋಡುತ್ತ ನೋಡುತ್ತ, ತಾನು ಕಲಿತದ್ದು ಈ ಕೆಲಸಕ್ಕೆ ಸಾಲದು ಎಂದು ಅವರಿಗೆ ಮನವರಿಕೆಯಾಗಿತ್ತು. 1968ರ ಆಗಸ್ಟ್‌ನ ಸಭೆ ಕರೆದ ಉದ್ದೇಶ ಸರಳ: ನಮಗೆ ನಾವೇ ಪಾಠ ಏರ್ಪಡಿಸಿಕೊಳ್ಳೋಣ. ಅದೇ ವರ್ಷದ ನವೆಂಬರ್‌ನಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಡಾ. ರೈನಾಲ್ಡ್ ಲೈಡೆಲ್‌ಮೇಯರ್ ಇನ್ನೊಂದು ಸಭೆ ಸೇರಿಸಿದ್ದರು. ಎರಡು ಗುಂಪು ಎರಡು ಸಂಘವಾಗಿ ಬೆಳೆಯುವ ಸಾಧ್ಯತೆ ಇತ್ತು. ಹಿರಿಯರ ವಿವೇಕದಿಂದ ಮಿಷಿಗನ್‌ನ ಹೆಸರಿನಡಿ ಎಲ್ಲರೂ ಒಂದಾದರು.

1969–1975: ಗುರುಗಳಿಲ್ಲದ ಶಾಲೆ

ಕಾಲೇಜಿನ ಮೊದಲ ವೈಜ್ಞಾನಿಕ ಸಮ್ಮೇಳನ 1969ರಲ್ಲಿ ಡೆನ್ವರ್‌ನಲ್ಲಿ ನಡೆಯಿತು. 1972ರಲ್ಲಿ ಪತ್ರಿಕೆ ಹೊರಟಿತು. ಇಂದು ಆನಲ್ಸ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಎಂದು ಹೆಸರಾಗಿರುವುದು ಅದೇ.

ಇದರ ನಡುವೆ ಓಹಿಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಬ್ರೂಸ್ ಜೇನಿಯಾಕ್ ಎಂಬ ಯುವ ವೈದ್ಯ, ತನಗೆ ಎಮರ್ಜೆನ್ಸಿಯಲ್ಲೇ ತರಬೇತಿ ಬೇಕೆಂದು ಪಟ್ಟು ಹಿಡಿದ. 1970ರ ಜುಲೈಯಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ ಅವನೊಬ್ಬನಿಗಾಗಿಯೇ ಎರಡು ವರ್ಷದ ರೆಸಿಡೆನ್ಸಿ ಆರಂಭಿಸಿತು. ಕಲಿಯುವವನು ಒಬ್ಬ, ಕಲಿಸುವವರೆಲ್ಲ ಬೇರೆ ಬೇರೆ ವಿಭಾಗದವರು. ಈ ವಿಚಿತ್ರ ಸನ್ನಿವೇಶ ಎಲ್ಲ ಕಡೆಯೂ ಇತ್ತು. 1971ರಲ್ಲಿ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ಸ್ವತಂತ್ರ ವಿಭಾಗ ಕಟ್ಟಿದ ಗೇಲ್ ಆಂಡರ್ಸನ್ ಹೆರಿಗೆ ತಜ್ಞ. ಫಿಲಡೆಲ್ಫಿಯಾದಲ್ಲಿ ತರಬೇತಿ ಆರಂಭಿಸಿದ ಡೇವಿಡ್ ವ್ಯಾಗ್ನರ್ ಮಕ್ಕಳ ಶಸ್ತ್ರಚಿಕಿತ್ಸಕ. ಷಿಕಾಗೋದಲ್ಲಿ, ಆಮೇಲೆ ಡೆನ್ವರ್‌ನಲ್ಲಿ ಒಂದು ತಲೆಮಾರನ್ನೇ ತಿದ್ದಿದ ಪೀಟರ್ ರೋಸೆನ್ ಕೂಡ ಸರ್ಜನ್ನೇ. ತಮ್ಮ ವಿದ್ಯೆಯನ್ನು ಬದಿಗಿಟ್ಟು ಇನ್ನೊಂದು ವಿದ್ಯೆಗೆ ಅಡಿಪಾಯ ಹಾಕಲು ಬೇಕಾದ ಎದೆಗಾರಿಕೆ ಸಣ್ಣದಲ್ಲ.

ವೈದ್ಯರ ಹೆಸರುಗಳ ನಡುವೆ ನರ್ಸುಗಳು ಮರೆಯಾಗುವುದು ಇಂಥ ಲೇಖನಗಳ ಹಳೆಯ ದೋಷ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಅನಿಟಾ ಡಾರ್ ಎಂಬ ನರ್ಸಿಂಗ್ ಮೇಲ್ವಿಚಾರಕಿ ಇದ್ದರು. ಎದೆಬಡಿತ ನಿಂತ ರೋಗಿ ಬಂದಾಗ ಒಬ್ಬರು ಔಷಧಕ್ಕೆ ಬೀರು ತೆರೆಯಬೇಕು, ಇನ್ನೊಬ್ಬರು ಟ್ಯೂಬಿಗೆ ಇನ್ನೊಂದು ಕೋಣೆಗೆ ಓಡಬೇಕು. ಆ ನಿಮಿಷಗಳನ್ನು ಕಂಡು ಕಂಡು ಅವರು ಸಿಬ್ಬಂದಿಯೊಡನೆ ಕೂತು ಬೇಕಾಗುವ ಸಾಮಾನಿನ ಪಟ್ಟಿ ಮಾಡಿದರು. 1968ರಲ್ಲಿ ಅವರ ಮನೆಯ ನೆಲಮಾಳಿಗೆಯಲ್ಲೇ ಒಂದು ಮಾದರಿ ಗಾಡಿ ತಯಾರಾಯಿತು. ಹುಡುಕದೆಯೇ ಕೈಗೆ ಸಿಗುವಂತೆ ಎಲ್ಲವನ್ನೂ ಖಾನೆಗಳಲ್ಲಿ ಜೋಡಿಸಿದ, ಚಕ್ರದ ಮೇಲೆ ರೋಗಿಯ ಬಳಿಗೇ ಬರುವ ಗಾಡಿ. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಕಾಣುವ ಕ್ರ್ಯಾಶ್ ಕಾರ್ಟ್‌ನ ಆರಂಭದ ರೂಪಗಳಲ್ಲಿ ಅದೂ ಒಂದು. ಪೂರ್ವ ಕರಾವಳಿಯಲ್ಲಿ ಡಾರ್, ಪಶ್ಚಿಮದಲ್ಲಿ ಜುಡಿತ್ ಕೆಲ್ಲೆಹರ್ ಕಟ್ಟಿದ ಸಂಘಗಳು 1970ರಲ್ಲಿ ಒಂದಾಗಿ ಎಮರ್ಜೆನ್ಸಿ ನರ್ಸುಗಳ ರಾಷ್ಟ್ರೀಯ ಸಂಘಟನೆಯಾದವು.

1973ರಲ್ಲಿ ತುರ್ತು ವೈದ್ಯಕೀಯ ಸೇವೆಗಳ ಕಾಯ್ದೆ ಬಂತು. ಆಂಬುಲೆನ್ಸು, ದೂರಸಂಪರ್ಕ, ತರಬೇತಿಗೆ ಕೇಂದ್ರದ ಹಣ ಹರಿಯಿತು. ಆಸ್ಪತ್ರೆಗಳ ಹಿಂಬದಿಯಲ್ಲಿದ್ದ ಒಂದೇ ಕೋಣೆ ನಿಧಾನವಾಗಿ ಸ್ವಂತ ಪ್ರವೇಶದ್ವಾರ, ಆಂಬುಲೆನ್ಸ್ ನಿಲ್ಲುವ ಸೂರು, ಪ್ರಾಣಾಪಾಯದವರಿಗೆ ಪ್ರತ್ಯೇಕ ಕೊಠಡಿ ಇರುವ ವಿಭಾಗವಾಯಿತು. ರೂಮು ಹೋಗಿ ಡಿಪಾರ್ಟ್‌ಮೆಂಟ್ ಬಂತು.

1976–1989: ಮಾನ್ಯತೆಯ ಹೋರಾಟ

1976ರ ಫೆಬ್ರುವರಿಯ ಒಂದು ರಾತ್ರಿ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲವೊಂದಕ್ಕೆ ಅಪ್ಪಳಿಸಿತು. ಪತ್ನಿ ಸ್ಥಳದಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಗಂಭೀರ ಗಾಯ. ದಾರಿಯಲ್ಲಿ ಕಾರೊಂದನ್ನು ನಿಲ್ಲಿಸಿ ಸಮೀಪದ ಹಳ್ಳಿ ಆಸ್ಪತ್ರೆಗೆ ಬಂದರೆ ಬಾಗಿಲಿಗೆ ಬೀಗ. ಡಾಕ್ಟರು ಬರುವವರೆಗೆ ಕಾಯಬೇಕು. ಬಂದ ಮೇಲೂ ಗಾಯಾಳುವನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದು ಅಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಇದರಿಂದ ಹುಟ್ಟಿದ್ದೇ ಗಾಯಾಳುವನ್ನು ನೋಡುವ ಕ್ರಮ ಕಲಿಸುವ ಎಟಿಎಲ್‌ಎಸ್ ತರಬೇತಿ. ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಪರಿಚಲನೆ, ಅದರ ಮುಂದೆ ನರಮಂಡಲ, ಕೊನೆಗೆ ಮೈಮೇಲಿನ ಬಟ್ಟೆ ತೆಗೆದು ಪೂರ್ತಿ ಪರೀಕ್ಷೆ. ಕಾಲು ಮುರಿದು ಮೂಳೆ ಹೊರಗೆ ಕಾಣುತ್ತಿದ್ದರೂ ಮೊದಲು ನೋಡಬೇಕಾದ್ದು ಗಂಟಲು. ಕಣ್ಣಿಗೆ ಮೊದಲು ಬೀಳುವುದೇ ಪ್ರಾಣ ತೆಗೆಯುವುದಿಲ್ಲ ಎಂಬ ಈ ಶಿಸ್ತು ಅನುಭವಿ ವೈದ್ಯರಿಗೂ ಹೊಸದಾಗಿತ್ತು. 1978ರಲ್ಲಿ ನೆಬ್ರಾಸ್ಕಾದ ಆಬರ್ನ್‌ನಲ್ಲಿ ಮೊದಲ ತರಬೇತಿ ನಡೆಯಿತು. 1980ರಲ್ಲಿ ಅಮೆರಿಕನ್ ಸರ್ಜನ್ನರ ಕಾಲೇಜು ಅದನ್ನು ದೇಶವ್ಯಾಪಿಯಾಗಿಸಿತು.

ತುರ್ತು ವೈದ್ಯರ ಸಂಸ್ಥೆಗೆ ಮಾತ್ರ ಈ ವರ್ಷಗಳು ಸತ್ವಪರೀಕ್ಷೆಯವು. 1976ರಲ್ಲಿ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದಕ್ಕಾಗಿ, ಅಮೆರಿಕನ್ ಬೋರ್ಡ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಸ್ಥಾಪನೆಯಾಯಿತು. ಮರುವರ್ಷ ವೈದ್ಯಶಾಖೆಗಳ ಒಕ್ಕೂಟದ ಮುಂದೆ ಮಾನ್ಯತೆ ಕೇಳಿದಾಗ ಭಾರಿ ಬಹುಮತದಿಂದ ನಿರಾಕರಣೆ. ನಿಮಗೆ ನಿಮ್ಮದೇ ಆದ ಅಂಗವಿಲ್ಲ, ಕಾಯಿಲೆಯಿಲ್ಲ, ಶಾಸ್ತ್ರವಿಲ್ಲ ಎಂಬುದು ಆಕ್ಷೇಪದ ತಿರುಳು. ಆ ದಿನಗಳಲ್ಲಿ ಫಿಸಿಶಿಯನ್ನರಿಗೂ ಸರ್ಜನ್ನರಿಗೂ ಇವರಿಗೂ ನಡುವೆ ಬಿರುಸಿನ ಮಾತುಗಳಾಗಿದ್ದುಂಟು. ಅವೆಲ್ಲ ವೃತ್ತಿಯ ಮೇಲಿನ ಕಾಳಜಿಯಿಂದಲೇ ಬಂದವು ಎನ್ನೋಣ.

ಬೋರ್ಡಿನವರು ವಾದಕ್ಕೆ ವಾದ ಬೆಳೆಸುತ್ತ ಕೂರಲಿಲ್ಲ, ಪರೀಕ್ಷೆಯನ್ನು ಗಟ್ಟಿ ಮಾಡಿದರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಶಿಕ್ಷಣ ತಜ್ಞರನ್ನು ಕೂರಿಸಿಕೊಂಡು ಹೊಸ ಬಗೆಯ ಮೌಖಿಕ ಪರೀಕ್ಷೆ ರೂಪಿಸಿದರು. ಪರೀಕ್ಷಕರೇ ರೋಗಿಯಾಗುತ್ತಾರೆ, ನರ್ಸೂ ಆಗುತ್ತಾರೆ. ಒಬ್ಬನಿಗೆ ಚಿಕಿತ್ಸೆ ಹೇಳುತ್ತಿರುವಾಗಲೇ ಇನ್ನೊಬ್ಬ ಬರುತ್ತಾನೆ, ಮೊದಲಿನವನ ರಕ್ತದೊತ್ತಡ ಕುಸಿಯುತ್ತದೆ. ಅಭ್ಯರ್ಥಿ ಏನು ಬಲ್ಲ ಎನ್ನುವುದಕ್ಕಿಂತ, ಯಾರನ್ನು ಬಿಟ್ಟು ಯಾರ ಬಳಿ ಹೋಗುತ್ತಾನೆ ಎಂಬುದು ಅಲ್ಲಿ ತಿಳಿಯುತ್ತಿತ್ತು. ಪ್ರಮಾಣಪತ್ರಕ್ಕೆ 10 ವರ್ಷದ ಅವಧಿ, ಆಮೇಲೆ ಮತ್ತೆ ಪರೀಕ್ಷೆ ಎಂಬ ನಿಯಮವನ್ನೂ ಮೊದಲ ದಿನದಿಂದಲೇ ತಮ್ಮ ಮೇಲೆ ತಾವೇ ಹೇರಿಕೊಂಡರು. 1979ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಒಪ್ಪಿತು. ಅಮೆರಿಕದ 23ನೆಯ ಮಾನ್ಯ ವೈದ್ಯಶಾಖೆ. ಇತರ ಶಾಖೆಗಳವರಿಗೂ ಬೋರ್ಡಿನಲ್ಲಿ ಸ್ಥಾನ ಕೊಡಬೇಕೆಂಬ ಷರತ್ತಿತ್ತು. ಆ ಷರತ್ತು ಕಳಚಿ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1989ರಲ್ಲಿ.

ಮೊದಲ ಪರೀಕ್ಷೆ 1980ರಲ್ಲಿ ನಡೆಯಿತು. ರೆಸಿಡೆನ್ಸಿ ಮಾಡದಿದ್ದರೂ ಐದು ವರ್ಷ, 7,000 ಗಂಟೆ ಈ ಕೆಲಸ ಮಾಡಿದವರಿಗೆ ಕೂರಲು ಅವಕಾಶವಿತ್ತು. 1988ರಲ್ಲಿ ಆ ಬಾಗಿಲು ಮುಚ್ಚಿತು. ಹೊರಗುಳಿದವರ ಅಸಮಾಧಾನ ನ್ಯಾಯಾಲಯದವರೆಗೂ ಹೋಯಿತು. ಗುತ್ತಿಗೆ ಕಂಪನಿಗಳ ಮೂಲಕ ವೈದ್ಯರನ್ನು ನೇಮಿಸುವ ಪದ್ಧತಿಯ ಬಗೆಗಿನ ಭಿನ್ನಮತದಿಂದ 1993ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಎಮರ್ಜೆನ್ಸಿ ಮೆಡಿಸಿನ್ ಪ್ರತ್ಯೇಕವಾಗಿ ಹುಟ್ಟಿತು. ಎರಡೂ ಸಂಸ್ಥೆಗಳು ಇಂದಿಗೂ ತಮ್ಮ ತಮ್ಮ ನೆಲೆಯಲ್ಲಿ ಕೆಲಸ ಮಾಡುತ್ತಿವೆ.

1986: ಯಾರನ್ನೂ ವಾಪಸು ಕಳಿಸುವಂತಿಲ್ಲ

ಡ್ಯೂಟಿ ವೈದ್ಯರೇನೋ ಸಿಕ್ಕರು. ಆದರೆ ವಿಮೆ ಇಲ್ಲದ ರೋಗಿಯನ್ನು ಖಾಸಗಿ ಆಸ್ಪತ್ರೆಗಳು ನೋಡದೆಯೇ ಸರ್ಕಾರಿ ಆಸ್ಪತ್ರೆಗೆ ಸಾಗಹಾಕುವುದು ನಡೆದೇ ಇತ್ತು. ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ವೈದ್ಯರು ಹೀಗೆ ಬಂದವರ ಲೆಕ್ಕವಿಟ್ಟು 1986ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬಂದ ಎಮ್ಟಾಲಾ ಕಾಯ್ದೆಯ ಪ್ರಕಾರ ಎಮರ್ಜೆನ್ಸಿಗೆ ಬಂದ ಯಾರನ್ನೇ ಆಗಲಿ, ಹಣದ ಮಾತೆತ್ತುವ ಮೊದಲು, ಪರೀಕ್ಷಿಸಬೇಕು. ಅಪಾಯವಿದ್ದರೆ ಸ್ಥಿತಿ ಸುಧಾರಿಸಬೇಕು. ಇದಕ್ಕಾಗಿ ಸರ್ಕಾರ ಪ್ರತ್ಯೇಕ ಹಣ ಇಡಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಎಲ್ಲರಿಗೂ ಕಾನೂನಿನಂತೆ ತೆರೆದಿರುವ ಆರೋಗ್ಯ ಸೇವೆಯ ಬಾಗಿಲು ಎಮರ್ಜೆನ್ಸಿಯದೊಂದೇ ಆಯಿತು. ಅದರ ಹೆಮ್ಮೆಯೂ ಹೊರೆಯೂ ತುರ್ತು ವೈದ್ಯರದ್ದೇ.

1989–2018: ಭಾರತದಲ್ಲಿ, ಕರ್ನಾಟಕದಲ್ಲಿ

ಮೂರೇ ವರ್ಷದ ನಂತರ ನಮ್ಮ ಸುಪ್ರೀಂ ಕೋರ್ಟ್ ಇದೇ ದಿಕ್ಕಿನ ತೀರ್ಪು ಕೊಟ್ಟಿತು. ಕಾರು ಗುದ್ದಿದ ಸ್ಕೂಟರ್ ಸವಾರನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಪೊಲೀಸ್ ಕೇಸು ತೆಗೆದುಕೊಳ್ಳುವ ಅಧಿಕಾರ ತಮಗಿಲ್ಲವೆಂದು ಅವರು 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲೇ ಆತ ತೀರಿಕೊಂಡ. 1989ರ ಪರಮಾನಂದ ಕಟಾರಾ ಪ್ರಕರಣದ ಹಿನ್ನೆಲೆ ಇದು. ಪೊಲೀಸ್ ಕೇಸಿನ ಕಾಗದ (ಎಂಎಲ್‌ಸಿ) ಬರೆಯುವುದು ಆಮೇಲೆ, ಜೀವ ಉಳಿಸುವುದು ಮೊದಲು ಎಂದು ನ್ಯಾಯಾಲಯ ಹೇಳಿತು.

ಕ್ಯಾಶುವಾಲ್ಟಿ ಎನ್ನುವ ನಮ್ಮ ಹಳೆಯ ವ್ಯವಸ್ಥೆ, ಅದರ ಡ್ಯೂಟಿ ಡಾಕ್ಟರಾದ ಸಿಎಂಒ, ಕರೆದರೆ ಬರುವ ತಜ್ಞರು, ಇವೆಲ್ಲ 1961ರ ಅಲೆಕ್ಸಾಂಡ್ರಿಯಾವನ್ನು ಬಲ್ಲವರಿಗೆ ಅಪರಿಚಿತವಲ್ಲ. ಭಾರತೀಯ ತುರ್ತು ವೈದ್ಯರ ಸಂಘ 1999ರಲ್ಲಿ ಹುಟ್ಟಿತು. 2009ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಎಮರ್ಜೆನ್ಸಿ ಮೆಡಿಸಿನ್ನನ್ನು ಪ್ರತ್ಯೇಕ ಶಾಖೆಯೆಂದು ಒಪ್ಪಿತು. ಇಂದು ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಈ ವಿಷಯದಲ್ಲಿ ಎಂ.ಡಿ. ಓದುವವರ ಮೇಜಿನ ಮೇಲಿರುವ ಎರಡು ದಪ್ಪ ಪುಸ್ತಕಗಳಲ್ಲಿ ಒಂದು ಪೀಟರ್ ರೋಸೆನ್ ಅವರದು. ಜುಡಿತ್ ಟಿಂಟಿನಾಲಿ ಅವರ ಹೆಸರಿನ ಇನ್ನೊಂದು, ಅದೇ ಲ್ಯಾನ್ಸಿಂಗ್‌ನಲ್ಲಿ ಹುಟ್ಟಿದ ಕಾಲೇಜಿನ ಅಭ್ಯಾಸ ಕೈಪಿಡಿಯಾಗಿ ಬೆಳೆದದ್ದು.

ಆಸ್ಪತ್ರೆಯ ಬಾಗಿಲಿನವರೆಗಿನ ಹಾದಿಯಲ್ಲಿ ಕರ್ನಾಟಕ ತಾನೂ ಒಂದಿಷ್ಟು ಮುಂದೆ ನಡೆದಿದೆ. 2008ರ ರಾಜ್ಯೋತ್ಸವದ ದಿನ 108 ಆರೋಗ್ಯ ಕವಚ ಆರಂಭವಾಯಿತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಯುವಕ ಹರೀಶ್, ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದದ್ದನ್ನು ನಾಡು ಮರೆತಿಲ್ಲ. ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಅವನ ಹೆಸರನ್ನೇ ಇಟ್ಟಿತು. ಗಾಯಾಳುವಿಗೆ ನೆರವಾದವರನ್ನು ಕೋರ್ಟು ಕಚೇರಿಯ ಅಲೆದಾಟದಿಂದ ಕಾಪಾಡುವ ರಾಜ್ಯದ ಕಾನೂನಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು.

1998ರಿಂದ ಈಚೆಗೆ: ಮಂಚವಿಲ್ಲದ ಕಾರಿಡಾರು

ಅಮೆರಿಕಕ್ಕೆ ಮರಳೋಣ. ಬಾಗಿಲು ತೆರೆದ ಮೇಲೆ ಜನ ಬಂದರು. 1993ರಲ್ಲಿ ಅಮೆರಿಕದ ಎಮರ್ಜೆನ್ಸಿಗಳಿಗೆ 9.03 ಕೋಟಿ ಭೇಟಿ, 2003ರಲ್ಲಿ 11.39 ಕೋಟಿ. ಅದೇ ಅವಧಿಯಲ್ಲಿ 425 ಎಮರ್ಜೆನ್ಸಿ ವಿಭಾಗಗಳು ಕಡಿಮೆಯಾದವು. 2006ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಈ ಅಂಕಿಗಳನ್ನಿಟ್ಟು, ವ್ಯವಸ್ಥೆ ಒಡೆದುಹೋಗುವ ಹಂತದಲ್ಲಿದೆ ಎಂದು ಎಚ್ಚರಿಸಿತು.

ಬಂದವರಲ್ಲಿ ಯಾರನ್ನು ಮೊದಲು ನೋಡಬೇಕು? ರಿಚರ್ಡ್ ವರ್ಜ್ ಮತ್ತು ಡೇವಿಡ್ ಐಟೆಲ್ 1998ರ ಹೊತ್ತಿಗೆ ರೂಪಿಸಿದ ಐದು ಹಂತದ ಟ್ರಯಾಜ್ ಇದಕ್ಕೊಂದು ಜಾಣ ಉತ್ತರ. ಜೀವ ಹೋಗುವಂತಿದ್ದರೆ ಒಂದನೆಯ ಹಂತ, ಕಾಯುವುದು ಅಪಾಯವೆನಿಸಿದರೆ ಎರಡನೆಯದು. ಉಳಿದವರ ಬಗ್ಗೆ ನರ್ಸು ಕೇಳಿಕೊಳ್ಳುವುದು ಒಂದೇ: ಈ ರೋಗಿಗೆ ರಕ್ತಪರೀಕ್ಷೆ, ಎಕ್ಸ್‌ರೇ, ಡ್ರಿಪ್ಪು ಹೀಗೆ ಎಷ್ಟು ಬಗೆಯ ಸೌಲಭ್ಯ ಬೇಕಾದೀತು? ಒಂದಕ್ಕಿಂತ ಹೆಚ್ಚಾದರೆ ಮೂರನೆಯ ಹಂತ, ಒಂದೇ ಆದರೆ ನಾಲ್ಕು, ಏನೂ ಬೇಡವಾದರೆ ಐದು. ಅಪಾಯದ ಜೊತೆಗೆ ಕೆಲಸದ ಅಳತೆಯನ್ನೂ ಸೇರಿಸಿದ್ದರಿಂದ ಅದು ನಿಂತಿತು.

ಆದರೆ ಜನದಟ್ಟಣೆಯ ಮೂಲ ಬಾಗಿಲಲ್ಲಿರಲಿಲ್ಲ, ಮೇಲಿನ ಅಂತಸ್ತಿನಲ್ಲಿತ್ತು. ದಾಖಲಾಗಬೇಕಾದ ರೋಗಿಗೆ ವಾರ್ಡಿನಲ್ಲಿ ಹಾಸಿಗೆ ಸಿಗದೆ ಆತ ಎಮರ್ಜೆನ್ಸಿಯ ಕಾರಿಡಾರಿನಲ್ಲೇ ಗಂಟೆಗಟ್ಟಲೆ ಸ್ಟ್ರೆಚರಿನ ಮೇಲೆ ಉಳಿಯುತ್ತಾನೆ. ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ಆಸ್ಪತ್ರೆಯ ಡಾ. ಪೀಟರ್ ವಿಸೆಲಿಯೋ ತಂದ ಪರಿಹಾರ ಕೇಳಲು ತೀರಾ ಸಾಮಾನ್ಯ. ಹತ್ತಾರು ಸ್ಟ್ರೆಚರುಗಳನ್ನು ಒಂದೇ ಕಾರಿಡಾರಿನಲ್ಲಿ ಒಟ್ಟುವ ಬದಲು, ವಾರ್ಡು ವಾರ್ಡಿನ ಕಾರಿಡಾರಿಗೂ ಒಂದೊಂದನ್ನು ಕಳಿಸಿ. ವಾರ್ಡಿನವರು ಒಪ್ಪುವುದು ಸುಲಭವಿರಲಿಲ್ಲ. ಆದರೆ ರೋಗಿ ಕಣ್ಣೆದುರಿಗೆ ಬಂದ ಮೇಲೆ ಖಾಲಿ ಹಾಸಿಗೆಗಳು ಬೇಗ ಸಿಗತೊಡಗಿದವು. ನನ್ನ ಮಟ್ಟಿಗೆ, ಕಳೆದ ಮೂವತ್ತು ವರ್ಷದಲ್ಲಿ ಈ ಕ್ಷೇತ್ರ ಕಂಡ ಅತ್ಯಂತ ಪ್ರಾಮಾಣಿಕ ಸುಧಾರಣೆ ಇದೇ. ಒಂದು ರೂಪಾಯಿಯ ಯಂತ್ರವಿಲ್ಲ, ಹೊಣೆಯನ್ನು ಹಂಚಿದ್ದಷ್ಟೇ. ಎಲ್ಲ ಆಸ್ಪತ್ರೆಗಳೂ ಅದನ್ನು ಪಾಲಿಸುತ್ತಿಲ್ಲ ಎಂಬುದೂ ನಿಜ. ಕೋವಿಡ್ ನಂತರ ಈ ಕಾಯುವಿಕೆ ಮತ್ತಷ್ಟು ಬಿಗಡಾಯಿಸಿದೆ.

ಸ್ಥಾಪಕರಲ್ಲಿ ಜಾನ್ ವೀಗೆನ್‌ಸ್ಟೈನ್ 2004ರಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡರು, ಕಾರು ಅಪಘಾತದಲ್ಲಿ. ಮಿಲ್ಸ್ ಅವರ ಹೆಸರಿನಲ್ಲಿ ಕಾಲೇಜು ಪ್ರಶಸ್ತಿ ಕೊಡುತ್ತದೆ. ಕೇಂದ್ರ ಕಚೇರಿ ಮಿಷಿಗನ್ ಬಿಟ್ಟು ಟೆಕ್ಸಾಸಿನ ಡಲ್ಲಾಸ್ ಕಡೆಗೆ ಹೋಗಿ ನೆಲೆಸಿದೆ. ಬೋರ್ಡು ಮಾತ್ರ ಈಸ್ಟ್ ಲ್ಯಾನ್ಸಿಂಗ್‌ನಲ್ಲೇ ಉಳಿಯಿತು.

ಸಂಸ್ಥೆಯ ಈಗಿನ ಚಿಂತೆ ಸ್ಥಾಪಕರು ಊಹಿಸದಿದ್ದದ್ದು. 2021ರಲ್ಲಿ ಕಾಲೇಜೇ ಮುಂದೆ ನಿಂತು ಮಾಡಿಸಿದ ಅಧ್ಯಯನ, 2030ರ ಹೊತ್ತಿಗೆ ತುರ್ತು ವೈದ್ಯರ ಸಂಖ್ಯೆ ಬೇಡಿಕೆಯನ್ನೂ ಮೀರಬಹುದು ಎಂದಿತು. ಕೆಲಸದ ಒತ್ತಡದ ಸುದ್ದಿಯೂ ಸೇರಿ 2023ರಲ್ಲಿ 554 ರೆಸಿಡೆನ್ಸಿ ಸೀಟುಗಳು ಮೊದಲ ಸುತ್ತಿನಲ್ಲಿ ಖಾಲಿ ಉಳಿದವು. ಮರುವರ್ಷ ಖಾಲಿ ಉಳಿದದ್ದು 135. ಜೇನಿಯಾಕ್ ಎರಡು ವರ್ಷದಲ್ಲಿ ಮುಗಿಸಿದ ತರಬೇತಿಯನ್ನು ಇಂದು ಬಹಳ ಕಡೆ ಮೂರು ವರ್ಷ, ಕೆಲವು ಕಡೆ ನಾಲ್ಕು ವರ್ಷ ಕಲಿಸುತ್ತಾರೆ. ಎಲ್ಲ ಕಡೆಯೂ ನಾಲ್ಕೇ ವರ್ಷ ಇರಲೆಂಬ ಪ್ರಸ್ತಾಪದ ಮೇಲೆ ಹಿರಿಯರೂ ಕಿರಿಯರೂ ಜೋರಾಗಿಯೇ ವಾದಿಸುತ್ತಿದ್ದಾರೆ.